ಎದೆಯ ಕದದ ಅಳತೆ

ಸಾಲಿಗ್ರಾಮ ಎಂದರೆ ದೇವರ ಪೆಟ್ಟಿಗೆಯಲ್ಲಿ ತುಳಸಿದಳ ಹೊದ್ದು ಕೂತಿರುವ ಕರಿಯ ಕಲ್ಲು. ಮೈಸೂರು ಸೀಮೆಯವರಿಗೆ ಅದು ಒಂದು ಊರೂ ಹೌದು. ಹಿಂದಿನ ಎಡತೊರೆ, ಈಗಿನ ಕೃಷ್ಣರಾಜನಗರದ ಮಗ್ಗುಲಲ್ಲಿ, ಕಾವೇರಿ ನಾಲೆಗಳು ಹರಿದ ಭತ್ತದ ಬಯಲಿನ ನಡುವೆ ಇರುವ ಈ ಊರು ಇಂದು ತಾಲ್ಲೂಕು ಕೇಂದ್ರ. ರಾಮಾನುಜರ ಪಾದತೀರ್ಥದ ಐತಿಹ್ಯವೂ ಅವರ ಶಿಷ್ಯ ವಡುಗ ನಂಬಿಯ ಹೆಸರೂ ಊರಿಗೆ ಅಂಟಿಕೊಂಡಿವೆ. ಊರಿಗೂ ಕಲ್ಲಿಗೂ ಇರುವ ನಂಟು ಎಂಥದೇ ಇರಲಿ, ಕಲ್ಲಿನ ಕಥೆ ಇಲ್ಲಿ ಕೆಲಸಕ್ಕೆ ಬರುತ್ತದೆ. ನೇಪಾಳದ ಕಾಳಿ ಗಂಡಕಿಯ ಪಾತ್ರದಲ್ಲಿ ಸಿಗುವ ಈ ಕಲ್ಲಿನೊಳಗಿನ ಚಕ್ರವನ್ನು ವಜ್ರಕೀಟ ಕೊರೆಯಿತು ಎನ್ನುತ್ತದೆ ಪುರಾಣ. ಕೋಟ್ಯಂತರ ವರ್ಷಗಳ ಹಿಂದೆ ಕಡಲಲ್ಲಿದ್ದ ಅಮೋನೈಟ್ ಎಂಬ ಪ್ರಾಣಿಯ ಚಿಪ್ಪಿನ ಅಚ್ಚು ಅದು ಎನ್ನುತ್ತದೆ ಭೂವಿಜ್ಞಾನ. ಎರಡು ಮಾತುಗಳೂ ಒಂದು ಕಡೆ ಕೂಡುತ್ತವೆ: ಒಳಗಿದ್ದ ಜೀವ ಹೋಗಿದೆ, ಆಕಾರ ಉಳಿದಿದೆ. ಅಮೆರಿಕದ ಡೇವಿಡ್ ರಾಪ್ 1966ರಲ್ಲಿ ಇಂಥ ಸುರುಳಿ ಚಿಪ್ಪುಗಳನ್ನೆಲ್ಲ ನಾಲ್ಕೇ ನಾಲ್ಕು ಅಳತೆಗಳಿಂದ ಮತ್ತೆ ಬರೆಯಬಹುದೆಂದು ಲೆಕ್ಕ ಹಾಕಿ ತೋರಿಸಿದ. ಕಂಪ್ಯೂಟರಿನಿಂದ ಬರೆಸಿಯೂ ತೋರಿಸಿದ. ಸುರುಳಿ ಸಿಕ್ಕಿತು. ಆದರೆ ಅದರೊಳಗೆ ವಾಸವಾಗಿದ್ದ ಮೆತ್ತನೆಯ ಮೈ ಹೇಗೆ ಉಸಿರಾಡುತ್ತಿತ್ತು, ಹೇಗೆ ಬೇಟೆಯಾಡುತ್ತಿತ್ತು ಎಂಬುದನ್ನು ಆ ನಾಲ್ಕು ಅಂಕಿಗಳು ಹೇಳಲಾರವು.

ಇರುವ ವಸ್ತುವಿನಿಂದ ಹಿಂದಕ್ಕೆ ನಡೆದು ಅದರ ನಕ್ಷೆಯನ್ನು ಕಂಡುಕೊಳ್ಳುವ ಈ ವಿದ್ಯೆಗೆ ಎಂಜಿನಿಯರುಗಳು ರಿವರ್ಸ್ ಎಂಜಿನಿಯರಿಂಗ್ ಎನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಮಾತ್ರ ನಮ್ಮ ಹೆಣ್ಣುಮಕ್ಕಳಿಗೆ ಹಳೆಯದು. ಹೊಸ ರವಿಕೆ ಹೊಲಿಸಲು ಹೋಗುವಾಗ ಮೈಗೆ ಸರಿಯಾಗಿ ಕೂರುವ ಹಳೆಯದೊಂದನ್ನು ಅಳತೆಗೆಂದು ಕೊಟ್ಟು ಬರುತ್ತಾರೆ. ದರ್ಜಿ ಮೈ ಅಳೆಯುವುದಿಲ್ಲ. ಹಳೆಯ ರವಿಕೆಯ ಹೊಲಿಗೆಯ ಜಾಡು ಹಿಡಿದು ಹಿಂದಕ್ಕೆ ಹೋಗಿ, ಅದನ್ನು ಯಾವ ಯಾವ ತುಂಡುಗಳಾಗಿ ಕತ್ತರಿಸಿದ್ದರು ಎಂಬುದನ್ನು ಕಂಡುಕೊಳ್ಳುತ್ತಾನೆ. ಆದರೆ ಕೈ ಪಳಗಿದ ದರ್ಜಿ ಟೇಪು ಹಿಡಿಯುವ ಮೊದಲೇ ಎರಡು ಪ್ರಶ್ನೆ ಕೇಳುತ್ತಾನೆ: ಈ ಹಳೆಯದು ಒಗೆದ ಮೇಲೆ ಎಷ್ಟು ಕುಗ್ಗಿದೆ? ಹೊಸ ಬಟ್ಟೆ ಎಂಥದು? ಕೃತಕ ಹೃದಯ ಕವಾಟದ ಚರಿತ್ರೆಯನ್ನು ಓದುತ್ತ ಹೋದರೆ ಕಾಣುವುದು ಈ ಎರಡು ಪ್ರಶ್ನೆಗಳ ಚರಿತ್ರೆ. ಆಕಾರವನ್ನು ಮಾತ್ರ ಎತ್ತಿಕೊಂಡು ಬಂದವರು ಎಡವಿದರು. ಆ ಆಕಾರ ಯಾವ ಒತ್ತಡದಲ್ಲಿ, ಯಾವ ದ್ರವ್ಯದಲ್ಲಿ, ಯಾರ ಮೈಯಲ್ಲಿ ಕೆಲಸ ಮಾಡುತ್ತಿತ್ತು ಎಂಬ ಲೆಕ್ಕವನ್ನೂ ಹೊತ್ತು ತಂದವರು ಗೆದ್ದರು. ಈ ಬರಹದ ವಾದ ಇಷ್ಟೆ. ಇದಕ್ಕೆ ಎದುರಾಗಿ ನಿಲ್ಲುವ ಸಾಕ್ಷ್ಯಗಳೂ ಇವೆ, ಅವನ್ನೂ ನೋಡಬೇಕು.

ಹೃದಯದ ಬಾಗಿಲಿಗೆ ನಮ್ಮ ಪಠ್ಯಪುಸ್ತಕಗಳು ಕವಾಟ ಎಂಬ ಹೆಸರು ಕೊಟ್ಟವು. ಗುಡಿಯ ಕದಕ್ಕೂ ಅದೇ ಮಾತು. ಹೆಸರು ಚೆನ್ನಾಗಿದೆ, ಆದರೆ ಕೊಂಚ ದಾರಿ ತಪ್ಪಿಸುತ್ತದೆ. ಗುಡಿಯ ಕದವನ್ನು ಅರ್ಚಕರು ತೆಗೆಯಬೇಕು, ಕೆರೆಯ ತೂಬನ್ನು ನೀರುಗಂಟಿ ಎತ್ತಬೇಕು. ಎದೆಯ ಕದವನ್ನು ತೆಗೆಯುವವರು ಯಾರೂ ಇಲ್ಲ; ಹರಿದು ಬರುವ ರಕ್ತವೇ ತಳ್ಳಿ ತೆರೆಯಬೇಕು, ಹಿಂದಿರುಗಲು ಹೊರಟ ರಕ್ತವೇ ಎಳೆದು ಮುಚ್ಚಬೇಕು. ಹಾಗಾಗಿ ಅದರ ನಿಜವಾದ ಬಂಧುಗಳು ಬೇರೆ ಕಡೆ ಇದ್ದಾರೆ. ಕುಲುಮೆಯ ತಿದಿಯಲ್ಲಿ ಗಾಳಿಯನ್ನು ಒಳಕ್ಕೆ ಬಿಟ್ಟು ಹೊರಕ್ಕೆ ಬಿಡದ ಚರ್ಮದ ತುಂಡು ಒಂದು. ಪಂಪ್‌ಸೆಟ್ಟಿನ ಪೈಪಿನ ತುದಿಯಲ್ಲಿ ನೀರಿನೊಳಗೆ ಮುಳುಗಿರುವ ಫುಟ್‌ವಾಲ್ವ್ ಇನ್ನೊಂದು. ಫುಟ್‌ವಾಲ್ವ್ ಸೋರಿದರೆ ಏನಾಗುತ್ತದೆಂದು ಕೃಷ್ಣರಾಜನಗರದ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಏರಿದ ನೀರು ಇಳಿದುಹೋಗುತ್ತದೆ, ಮೋಟಾರು ಬರಿದೇ ತಿರುಗಿ ಬಿಸಿಯಾಗುತ್ತದೆ. ಕವಾಟ ಸೋರುವ ಹೃದಯದ ಪಾಡೂ ಅದೇ. ವ್ಯತ್ಯಾಸ ಇರುವುದು ಎಣಿಕೆಯಲ್ಲಿ. ಹೃದಯದ ಕವಾಟ ದಿನಕ್ಕೆ ಸುಮಾರು ಒಂದು ಲಕ್ಷ ಸಲ, ವರ್ಷಕ್ಕೆ ಮೂರೂವರೆ ಕೋಟಿಗೂ ಹೆಚ್ಚು ಸಲ ತೆರೆದು ಮುಚ್ಚುತ್ತದೆ. ರಾತ್ರಿ ಕರೆಂಟು ಹೋದಾಗ ಅದಕ್ಕೆ ರಜೆಯಿಲ್ಲ.

ಈ ಕದ ಕೆಡುವುದಕ್ಕೆ ನಮ್ಮ ಹಳ್ಳಿಗಳಲ್ಲಿ ಮುಖ್ಯ ಕಾರಣ ಬಹುಕಾಲ ರುಮ್ಯಾಟಿಕ್ ಜ್ವರವೇ ಆಗಿತ್ತು. ಮಗುವಿನ ಗಂಟಲಿಗೆ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ ತಗಲುತ್ತದೆ; ಅದನ್ನು ಎದುರಿಸಲು ಹೊರಟ ದೇಹದ ಕಾವಲುಪಡೆ ಕೆಲವು ಮಕ್ಕಳಲ್ಲಿ ದಾರಿ ತಪ್ಪಿ ತನ್ನದೇ ಕೀಲುಗಳ ಮೇಲೆ, ಹೃದಯದ ಮೇಲೆ ಬೀಳುತ್ತದೆ. ಕೀಲುನೋವು ವಾಸಿಯಾಗುತ್ತದೆ, ಕವಾಟದ ಗಾಯ ಉಳಿಯುತ್ತದೆ. ವರ್ಷಗಳು ಕಳೆದಂತೆ ಎಡಹೃದಯದ ಎರಡು ದಳಗಳ ಮಿಟ್ರಲ್ ಕವಾಟದ ಅಂಚುಗಳು ಬೆಸೆದುಕೊಂಡು, ತೆರೆಯಬೇಕಾದ ಬಾಯಿ ಮೀನಿನ ಬಾಯಿಯಂತೆ ಸಣ್ಣಗಾಗುತ್ತದೆ. ಪಶ್ಚಿಮದ ದೇಶಗಳಲ್ಲಿ ಕವಾಟ ಬದಲಾಯಿಸಿಕೊಳ್ಳುವವರು ಹೆಚ್ಚಾಗಿ ಮುದುಕರಾದರೆ, ನಮ್ಮಲ್ಲಿ ಹದಿಹರೆಯದವರು, ಬಾಣಂತಿಯರು, ಗದ್ದೆ ಕೆಲಸದ ವಯಸ್ಸಿನವರು. ಮುಂದೆ ಹೇಳುವ ಪ್ರತಿಯೊಂದು ಆಕಾರದ ಯೋಗ್ಯತೆಯನ್ನು ಈ ಸಂಗತಿಯ ಎದುರು ಇಟ್ಟೇ ತೂಗಬೇಕಾಗುತ್ತದೆ.

ಕವಾಟದ ಆಕಾರವನ್ನು ಹಿಂದಕ್ಕೆ ನಡೆದು ಹಿಡಿಯಲು ಯೋಚಿಸಿದ ಮೊದಲಿಗರಲ್ಲಿ ಒಬ್ಬ ಲಿಯೊನಾರ್ಡೊ ಡ ವಿಂಚಿ. 1513ರ ಸುಮಾರಿಗೆ ಅವನು ಎತ್ತಿನ ಹೃದಯದಿಂದ ಹೊರಡುವ ಮಹಾಧಮನಿಯ ಬುಡವನ್ನು ಅಚ್ಚು ತೆಗೆದು, ಆ ಅಚ್ಚಿನೊಳಗೆ ತೆಳುವಾದ ಗಾಜನ್ನು ಊದಿ, ಅದರಲ್ಲಿ ನೀರು ಹರಿಸಿ, ಹುಲ್ಲಿನ ಬೀಜ ತೇಲಿಬಿಟ್ಟು ಹರಿವನ್ನು ನೋಡಬೇಕೆಂದು ಬರೆದಿಟ್ಟ. ಮೂರು ಅರ್ಧಚಂದ್ರ ದಳಗಳ ಹಿಂದೆ ಧಮನಿಯ ಗೋಡೆ ಏಕೆ ಉಬ್ಬಿದೆ ಎಂಬುದು ಅವನ ಪ್ರಶ್ನೆ. ಆ ಉಬ್ಬುಗಳಲ್ಲಿ ರಕ್ತ ಸುಳಿ ಸುತ್ತುತ್ತದೆ, ಆ ಸುಳಿಯೇ ದಳಗಳನ್ನು ಮೆಲ್ಲಗೆ ಮುಚ್ಚಲು ನೆರವಾಗುತ್ತದೆ ಎಂದು ಅವನು ಚಿತ್ರ ಬರೆದ. 1969ರ ಹೊತ್ತಿಗೆ ಆಕ್ಸ್‌ಫರ್ಡಿನಲ್ಲಿ ಬೆಲ್‌ಹೌಸ್ ಮತ್ತು ಟಾಲ್ಬಟ್ ಪ್ರಯೋಗ ಮಾಡಿ ಆ ಸುಳಿಯನ್ನು ಕಂಡರು. 2002ರಲ್ಲಿ ಕ್ಯಾಲಿಫೋರ್ನಿಯಾದ ಮೊರ್ತೆಜಾ ಘರಿಬ್ ತಂಡ ಲಿಯೊನಾರ್ಡೊನ ಟಿಪ್ಪಣಿಯನ್ನೇ ಹಿಡಿದು ಆ ಗಾಜಿನ ಮಾದರಿಯನ್ನು ಮಾಡಿ ನೋಡಿತು. ಗಮನಿಸಬೇಕಾದದ್ದು ಏನೆಂದರೆ, ಲಿಯೊನಾರ್ಡೊ ಅಚ್ಚು ತೆಗೆಯುವಲ್ಲಿಗೆ ನಿಲ್ಲಲಿಲ್ಲ. ಅಚ್ಚಿನೊಳಗೆ ನೀರು ಹರಿಸಬೇಕೆಂದ. ನಿಂತ ಆಕಾರಕ್ಕೆ ಓಟವನ್ನು ಕೊಟ್ಟ ಮೇಲೆಯೇ ಅದರ ಕಾರಣ ಬಾಯಿ ಬಿಟ್ಟದ್ದು.

ಅಚ್ಚು ಬೇರೆ, ದ್ರವ್ಯ ಬೇರೆ ಎಂಬ ತಿಳಿವು ಇನ್ನೂ ಹಳೆಯದು, ಅದೂ ಕನ್ನಡ ನಾಡಿನದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮೇಣದ ಮೂರ್ತಿಗೆ ಮಣ್ಣು ಮೆತ್ತಿ, ಮೇಣ ಕರಗಿಸಿ ಹರಿಸಿ, ಆ ಬಿಡುವಿಗೆ ಲೋಹ ಹೊಯ್ಯುವ ವಿಧಾನವಿದೆ. ಮೇಣವನ್ನು ಮೊದಲೇ ತೂಗಿಕೊಳ್ಳಬೇಕು. ಅದರ ಎಂಟರಷ್ಟು ತಾಮ್ರ, ಹನ್ನೆರಡರಷ್ಟು ಬೆಳ್ಳಿ, ಹದಿನಾರರಷ್ಟು ಚಿನ್ನ ಎಂಬ ಲೆಕ್ಕ ಅಲ್ಲಿದೆ. ಆಕಾರ ಅದೇ ಉಳಿದರೂ ಲೋಹ ಬದಲಾದರೆ ಲೆಕ್ಕ ಬದಲಾಗುತ್ತದೆ ಎಂದು ಅದು ಗಟ್ಟಿಯಾಗಿ ಹೇಳುತ್ತಿದೆ. ನಮ್ಮ ಶಿಲ್ಪಿಗಳ ತಾಳಮಾನದ್ದೂ ಇದೇ ಜಾತಿಯ ವಿವೇಕ. ಮೂಲ ವಿಗ್ರಹದ ಮೇಲೆ ಕಾಗದ ಇಟ್ಟು ಗೆರೆ ಎಳೆಯುವುದಿಲ್ಲ. ಮುಖದ ಉದ್ದವನ್ನು ಒಂದು ತಾಳ ಎಂದಿಟ್ಟುಕೊಂಡು ಉಳಿದ ಅಂಗಗಳೆಲ್ಲ ಅದರ ಎಷ್ಟರಷ್ಟು ಎಂದು ಹಿಡಿಯುತ್ತಾರೆ. ಹಾಗಾಗಿ ಅಂಗೈಯಗಲದ ಮೂರ್ತಿಯೂ ಆಳೆತ್ತರದ ಮೂರ್ತಿಯೂ ಒಂದೇ ಪ್ರಮಾಣದಿಂದ ಹುಟ್ಟುತ್ತವೆ. ಗೆರೆಯನ್ನಲ್ಲ, ಗೆರೆಗಳ ನಡುವಿನ ಸಂಬಂಧವನ್ನು ನೆನಪಿಟ್ಟುಕೊಳ್ಳುವ ಕ್ರಮ ಇದು.

ಇಲ್ಲಿಗೆ ಮೊದಲ ಆಕ್ಷೇಪ ಎದ್ದು ನಿಲ್ಲುತ್ತದೆ. ಮನುಷ್ಯನ ಎದೆಯಲ್ಲಿ ಗೆದ್ದ ಮೊದಲ ಕೃತಕ ಕವಾಟಗಳು ಪ್ರಕೃತಿಯ ಆಕಾರವನ್ನು ಕಣ್ಣೆತ್ತಿಯೂ ನೋಡಲಿಲ್ಲವಲ್ಲ? ಮಾತು ನಿಜ. 1952ರಲ್ಲಿ ಚಾರ್ಲ್ಸ್ ಹಫ್‌ನಗೆಲ್ ಮಹಾಧಮನಿಯ ಕೆಳಭಾಗದಲ್ಲಿ ಕೂರಿಸಿದ್ದು ಕೊಳವೆಯೊಳಗಿನ ಒಂದು ಚೆಂಡು. 1960ರಲ್ಲಿ ಅಮೆರಿಕದ ಆರೆಗನ್ನಿನಲ್ಲಿ ಯುವ ಸರ್ಜನ್ ಆಲ್ಬರ್ಟ್ ಸ್ಟಾರ್ ಮತ್ತು ನಿವೃತ್ತ ಎಂಜಿನಿಯರ್ ಲೊವೆಲ್ ಎಡ್ವರ್ಡ್ಸ್ ಸೇರಿ ಮಿಟ್ರಲ್ ಜಾಗದಲ್ಲಿ ಕೂರಿಸಿದ್ದು ಲೋಹದ ಪಂಜರದೊಳಗೆ ಏರಿಳಿಯುವ ಸಿಲಿಕೋನ್ ಚೆಂಡು. ಆ ಉಪಾಯದ ಹಿರಿಯಜ್ಜ 1858ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದ ಸೀಸೆಯ ಬಿರಡೆ. ದಳಗಳಿಲ್ಲ, ಉಬ್ಬುಗಳಿಲ್ಲ, ಲಿಯೊನಾರ್ಡೊನ ಸುಳಿಯೂ ಇಲ್ಲ; ಆದರೂ ರೋಗಿಗಳು ಬದುಕಿದರು, ಕೆಲವರು ದಶಕಗಟ್ಟಲೆ ಬದುಕಿದರು. ಹಾಗಿದ್ದ ಮೇಲೆ ಸಹಜ ಕವಾಟವನ್ನು ಅಳೆದು, ಸ್ಕ್ಯಾನ್ ಮಾಡಿ, ಅದರ ಹಿಂದೆ ಓಡುವುದು ಏತಕ್ಕೆ?

ಉತ್ತರ ರಕ್ತದಲ್ಲಿದೆ. ಚೆಂಡು ದಾರಿಯ ನಟ್ಟನಡುವೆ ನಿಲ್ಲುತ್ತದೆ, ರಕ್ತ ಅದರ ಸುತ್ತ ಬಳಸಿ ಹೋಗಬೇಕು. ಎಲ್ಲಿ ಹರಿವು ತಡವರಿಸುತ್ತದೋ, ಎಲ್ಲಿ ಪರಕೀಯ ಮೇಲ್ಮೈ ಸಿಗುತ್ತದೋ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪಿನ ಚೂರು ಮೆದುಳಿಗೆ ಹೋದರೆ ಪಾರ್ಶ್ವವಾಯು. ಆದ್ದರಿಂದ ಚೆಂಡಿನ ಕವಾಟವಿರಲಿ, ಮುಂದೆ ಬಂದ ಇತರ ಲೋಹದ ಕವಾಟಗಳಿರಲಿ, ಹಾಕಿಸಿಕೊಂಡವರು ಬದುಕಿರುವವರೆಗೆ ರಕ್ತ ತೆಳುವಾಗಿಡುವ ವಾರ್ಫರಿನ್ ಬಗೆಯ ಮಾತ್ರೆ ನುಂಗಬೇಕು, ಪ್ರಮಾಣ ಸರಿಯಿದೆಯೇ ಎಂದು ಐ.ಎನ್.ಆರ್. ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಹೆಪ್ಪು. ಬಸುರಿಯರಲ್ಲಿ ಆ ಮಾತ್ರೆ ಭ್ರೂಣಕ್ಕೆ ಕೇಡು ಮಾಡಬಲ್ಲದು. ಅಂದರೆ ಪ್ರಕೃತಿಯ ಆಕಾರವನ್ನು ಬಿಟ್ಟುಕೊಟ್ಟದ್ದರ ಸುಂಕವನ್ನು ಎಂಜಿನಿಯರು ಕಟ್ಟಲಿಲ್ಲ, ರೋಗಿ ಕಟ್ಟುತ್ತ ಬಂದ. ದೊಡ್ಡ ಆಸ್ಪತ್ರೆಯ ಪಕ್ಕದ ಬೀದಿಯಲ್ಲಿರುವವನಿಗೆ ಈ ಸುಂಕ ಹಗುರ. ಸಾಲಿಗ್ರಾಮದಿಂದಲೋ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಕಾಡಂಚಿನಿಂದಲೋ ಬಸ್ಸು ಹಿಡಿದು, ಒಂದು ದಿನದ ಕೂಲಿ ಬಿಟ್ಟು ಮೈಸೂರಿಗೆ ಬರಬೇಕಾದವಳಿಗೆ ಅದೇ ಸುಂಕ ಹೆಣಭಾರ.

ಹಾಗಾದರೆ ಪ್ರಕೃತಿಯ ಆಕಾರವನ್ನು ಇದ್ದಂತೆಯೇ ಎತ್ತಿಕೊಂಡರೆ ಆಯಿತಲ್ಲ ಎಂದು ಇನ್ನೊಂದು ಬಣ ಹೊರಟಿತು. ಸತ್ತವರ ಕವಾಟವನ್ನೇ ಲಂಡನ್ನಿನ ಡೊನಾಲ್ಡ್ ರಾಸ್ 1962ರಲ್ಲಿ ಹೊಲಿದ. ಫ್ರಾನ್ಸಿನ ಅಲೆನ್ ಕಾರ್ಪೆಂಟಿಯೆ 1960ರ ದಶಕದ ಕೊನೆಗೆ ಹಂದಿಯ ಕವಾಟವನ್ನು ಗ್ಲುಟರಾಲ್ಡಿಹೈಡಿನಲ್ಲಿ ಹದ ಮಾಡಿ ಬಳಸುವ ದಾರಿ ತೋರಿಸಿದ. ಚರ್ಮ ಹದ ಮಾಡುವವರಿಗೆ ಗೊತ್ತಿರುವ ಸಂಗತಿಯೇ ಇದು: ಹಸಿ ಚರ್ಮ ಕೊಳೆಯುತ್ತದೆ, ಹದವಾದದ್ದು ಬಾಳುತ್ತದೆ. ಇಲ್ಲಿ ನಕಲಿನ ಪ್ರಶ್ನೆಯೇ ಇಲ್ಲ, ಮೂಲವೇ ಕೈಯಲ್ಲಿದೆ. ಆದರೂ ಮೊದಮೊದಲು ಹದ ಮಾಡಿದ ಕವಾಟಗಳಲ್ಲಿ ಒಂದು ಎಡವಟ್ಟಾಯಿತು. ದಳಗಳು ಚೆಂದವಾಗಿ ಮುಚ್ಚಿಕೊಂಡಿರಲಿ ಎಂದು ಹೆಚ್ಚಿನ ಒತ್ತಡ ಕೊಟ್ಟು ಹದ ಮಾಡಿದರು. ದಳದೊಳಗಿನ ಕೊಲಾಜನ್ ಎಳೆಗಳಿಗೆ ಸಹಜವಾಗಿ ಇರುವ ಸಣ್ಣ ಸುಕ್ಕುಗಳು ಆ ಒತ್ತಡದಲ್ಲಿ ನೆಟ್ಟಗಾಗಿ, ನೆಟ್ಟಗಾದ ಸ್ಥಿತಿಯಲ್ಲೇ ಗಟ್ಟಿಯಾಗಿಬಿಟ್ಟವು. ಹೊರಗಿನಿಂದ ನೋಡಿದರೆ ಆಕಾರ ಅದೇ, ಒಳಗೆ ಬಾಗುವ ಗುಣ ಹೋಗಿತ್ತು. ಒತ್ತಡ ಕಡಿಮೆ ಮಾಡಿ ಹದಗೊಳಿಸುವ ಕ್ರಮ ಆಮೇಲೆ ಬಂತು. ಜೊತೆಗೆ, ಇಂಥ ಕವಾಟಗಳು ಎಳೆಯರ ಮೈಯಲ್ಲಿ ಬೇಗ ಸುಣ್ಣಗಟ್ಟುತ್ತವೆ. ಅರವತ್ತೈದು ದಾಟಿದವರಿಗೆ ಸಾಕಾಗುವ ಆಯುಸ್ಸು ಇಪ್ಪತ್ತರ ಹುಡುಗಿಗೆ ಸಾಲದು. ಅಳತೆ ರವಿಕೆ ಯಾರದೆಂದು ದರ್ಜಿ ಕೇಳದೇ ಹೊಲಿದ ಹಾಗಾಯಿತು.

ಅಳತೆಯ ಶಾಸ್ತ್ರ ಗಂಭೀರವಾದದ್ದು 1970ರ ದಶಕದಲ್ಲಿ. ಸ್ವಾನ್ಸನ್ ಮತ್ತು ಕ್ಲಾರ್ಕ್ ಎಂಬಿಬ್ಬರು ಮನುಷ್ಯರ ಮಹಾಧಮನಿ ಕವಾಟಗಳೊಳಗೆ ಸಿಲಿಕೋನ್ ರಬ್ಬರು ಹೊಯ್ದು ಅಚ್ಚು ತೆಗೆದರು. ಅವರ 1974ರ ಲೇಖನದ ತೂಕ ಇರುವುದು ಅಚ್ಚು ತೆಗೆದದ್ದರಲ್ಲಲ್ಲ, ಬೇರೆ ಬೇರೆ ಒತ್ತಡಗಳಲ್ಲಿ ಬೇರೆ ಬೇರೆ ಅಚ್ಚು ತೆಗೆದದ್ದರಲ್ಲಿ. ಒತ್ತಡ ಏರಿದಂತೆ ಕವಾಟದ ಅಳತೆಗಳೇ ಬದಲಾಗುತ್ತವೆ. ಹಾಗಾಗಿ ಕವಾಟದ ಆಕಾರ ಯಾವುದು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ಯಾವ ಒತ್ತಡದಲ್ಲಿ ಎಂದು ಮರುಪ್ರಶ್ನೆ ಹಾಕಬೇಕು. ಮುಂದೆ ಮನೋ ತುಬ್ರಿಕರ್ 1990ರಲ್ಲಿ ಪ್ರಕಟಿಸಿದ ಮಹಾಧಮನಿ ಕವಾಟದ ಮೇಲಿನ ಗ್ರಂಥದಲ್ಲಿ ಇಡೀ ಕವಾಟವನ್ನು ಕೆಲವೇ ಅಳತೆಗಳಿಗೆ ಇಳಿಸಿದರು: ಬುಡದ ತ್ರಿಜ್ಯ, ಮೇಲಿನ ಕೂಡುಗಳ ತ್ರಿಜ್ಯ, ಎತ್ತರ, ದಳದ ಕೋನಗಳು. ದಳಗಳು ಪೂರ್ತಿ ಮುಚ್ಚಬೇಕು, ಮಡಿಕೆ ಬೀಳದೆ ತೆರೆಯಬೇಕು, ಕಡಿಮೆ ಜಾಗದಲ್ಲಿ ಕಡಿಮೆ ಶಕ್ತಿಗೆ ಕೆಲಸ ಮಾಡಬೇಕು ಎಂಬ ಬೇಡಿಕೆಗಳನ್ನು ಇಟ್ಟುಕೊಂಡು ಆ ಅಳತೆಗಳ ನಡುವಿನ ಸಂಬಂಧವನ್ನು ಹುಡುಕಿದರು. ತಾಳಮಾನ ಬಲ್ಲ ಶಿಲ್ಪಿಗೆ ಇದು ತನ್ನ ಮನೆಯ ಮಾತೇ ಅನ್ನಿಸೀತು. ಇಂದಿನ ಪ್ರಯೋಗಾಲಯಗಳಲ್ಲಿ ಕವಾಟವನ್ನು ಸಿ.ಟಿ. ಸ್ಕ್ಯಾನಿನಲ್ಲೋ ಲೇಸರ್ ಸ್ಕ್ಯಾನರಿನಲ್ಲೋ ಇಟ್ಟು ಮೇಲ್ಮೈಯ ಲಕ್ಷಾಂತರ ಬಿಂದುಗಳನ್ನು ಹಿಡಿಯುತ್ತಾರೆ, ಬಿಂದುಗಳನ್ನು ಹೆಣೆದು ಬಲೆ ಮಾಡುತ್ತಾರೆ, ಬಲೆಯ ಮೇಲೆ ನುಣುಪಾದ ಮೇಲ್ಮೈ ಹೊದಿಸುತ್ತಾರೆ, ಆಮೇಲೆ ಅದರ ಮೇಲೆ ಒತ್ತಡ ಹೇರಿ, ರಕ್ತ ಹರಿಸಿ ಲೆಕ್ಕ ಮಾಡುತ್ತಾರೆ. ಯಂತ್ರ ಹೊಸದು, ಸರಣಿ ಲಿಯೊನಾರ್ಡೊನದೇ.

ಆಕಾರ ಒಂದನ್ನೇ ತಿದ್ದಲು ಹೋದರೆ ಎಂಥ ಅನಾಹುತವಾದೀತು ಎಂಬುದಕ್ಕೆ ಈ ಚರಿತ್ರೆಯಲ್ಲಿ ಒಂದು ಕಪ್ಪು ಪುಟವಿದೆ. ಸ್ವೀಡನ್ನಿನ ಸರ್ಜನ್ ವೈಕಿಂಗ್ ಬ್ಯೋರ್ಕ್ ಮತ್ತು ಅಮೆರಿಕದ ಎಂಜಿನಿಯರ್ ಡೊನಾಲ್ಡ್ ಶೈಲಿ 1969ರಲ್ಲಿ ತಂದ ಕವಾಟದಲ್ಲಿ ಚೆಂಡಿನ ಬದಲು ಓರೆಯಾಗಿ ತೆರೆಯುವ ಬಿಲ್ಲೆಯಿತ್ತು, ಹರಿವಿಗೆ ಅಡ್ಡಿ ಕಡಿಮೆಯಾಯಿತು. ಒಳ್ಳೆಯ ಕವಾಟ. ಹರಿವು ಇನ್ನೂ ಚೆನ್ನಾಗಲಿ ಎಂದು 1970ರ ದಶಕದ ಕೊನೆಯಲ್ಲಿ ಬಿಲ್ಲೆಯ ಒಂದು ಮುಖವನ್ನು ಉಬ್ಬಿಸಿ ಇನ್ನೊಂದನ್ನು ತಗ್ಗಿಸಿದರು. ಹರಿವು ಸುಧಾರಿಸಿತು ನಿಜ, ಆದರೆ ಮುಚ್ಚುವಾಗ ಬಿಲ್ಲೆ ಬೆಸುಗೆ ಹಾಕಿದ ಲೋಹದ ಕಂಬಿಗೆ ಬಡಿಯತೊಡಗಿತು. ಕೋಟಿಗಟ್ಟಲೆ ಬಡಿತಗಳ ಮೇಲೆ ಕೆಲವರ ಎದೆಯಲ್ಲಿ ಕಂಬಿ ಮುರಿದು ಬಿಲ್ಲೆ ಕಳಚಿತು. ಸುಮಾರು 86,000 ಜನರಿಗೆ ಆ ಮಾದರಿ ಹಾಕಲಾಗಿತ್ತು. 600ಕ್ಕೂ ಮೀರಿ ಮುರಿತಗಳು ವರದಿಯಾದವು, ಬಹುಪಾಲು ಸಾವಿನಲ್ಲಿ ಮುಗಿದವು. 1986ರಲ್ಲಿ ಮಾರಾಟ ನಿಂತಿತು.

ಇದೇ ಕಾಲದಲ್ಲಿ ತಿರುವನಂತಪುರದ ಪೂಜಪ್ಪುರದಲ್ಲಿ, ತಿರುವಾಂಕೂರು ರಾಜಮನೆತನದ ಸ್ಯಾಟಲ್ಮಂಡ್ ಅರಮನೆಯಲ್ಲಿ ನೆಲೆಗೊಂಡ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ತಂತ್ರಜ್ಞಾನ ವಿಭಾಗದಲ್ಲಿ ಇನ್ನೊಂದು ಕವಾಟ ಹುಟ್ಟುತ್ತಿತ್ತು. ಮುಂದಾಳು ಸರ್ಜನ್ ಎಂ.ಎಸ್. ವಲಿಯತ್ತಾನ್, ಎಂಜಿನಿಯರಿಂಗ್ ನೊಗ ಹೊತ್ತವರು ಜಿ.ಎಸ್. ಭುವನೇಶ್ವರ್ ಮತ್ತು ಜೊತೆಗಾರರು. ಓರೆ ಬಿಲ್ಲೆಯ ಆಕಾರ ಲೋಕಕ್ಕೆಲ್ಲ ಗೊತ್ತಿದ್ದದ್ದೇ. ಆಮದಾದ ಕವಾಟವೊಂದನ್ನು ಮೇಜಿನ ಮೇಲಿಟ್ಟು ಕ್ಯಾಲಿಪರ್ ಹಿಡಿದರೆ ಅದರ ಪ್ರತಿಯೊಂದು ಅಳತೆಯೂ ಸಂಜೆಯೊಳಗೆ ಸಿಗುತ್ತಿತ್ತು. ಆಕಾರ ಸಿಕ್ಕರೆ ಸಾಕು ಎಂಬ ಮಾತು ನಿಜವಾಗಿದ್ದರೆ ಕೆಲಸ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ, ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಬೆಸುಗೆ ಹಾಕಿದ ಟೈಟೇನಿಯಂ ಪಂಜರದ ಮೊದಲ ಮಾದರಿ ಪರೀಕ್ಷಾಯಂತ್ರದಲ್ಲಿ ಬೆಸುಗೆಯ ಬಳಿಯೇ ಸೋತಿತು. ಬೆಸುಗೆಯೇ ಬೇಡವೆಂದು ಒಂದೇ ಗಟ್ಟಿಯಿಂದ ಪಂಜರ ಕೊರೆದು, ನೀಲಮಣಿಯ ಜಾತಿಗೆ ಸೇರಿದ ಕೃತಕ ಸಫೈರ್ ಬಿಲ್ಲೆ ಕೂರಿಸಿದರು. ಗಟ್ಟಿ ಬಿಲ್ಲೆ ಟೈಟೇನಿಯಂ ಅನ್ನು ಸವೆಸಿಹಾಕಿತು. ಪಂಜರಕ್ಕೆ ಹೇನ್ಸ್-25 ಎಂಬ ಕೋಬಾಲ್ಟ್ ಮಿಶ್ರಲೋಹ ತಂದರು. ಸವೆತ ನಿಂತಿತು, ಕುರಿಗಳಿಗೆ ಅಳವಡಿಸುವ ಹಂತಕ್ಕೂ ಬಂತು, ಅಲ್ಲಿ ಸಫೈರ್ ಬಿಲ್ಲೆಯೇ ಒಡೆಯಿತು. ನಾಲ್ಕನೆಯ ಸಲ ಬಿಲ್ಲೆಯನ್ನು ಅತ್ಯಧಿಕ ಅಣುತೂಕದ ಪಾಲಿಎಥಿಲೀನ್‌ನಿಂದ ಮಾಡಿದರು. ಸೊಂಟದ ಕೀಲು ಬದಲಾಯಿಸುವವರು ಬಹಳ ಹಿಂದಿನಿಂದ ಬಳಸುತ್ತಿದ್ದ, ಮೇಲುನೋಟಕ್ಕೆ ಸಾಧಾರಣವಾದ ಪ್ಲಾಸ್ಟಿಕ್ ಅದು. ಗಟ್ಟಿಯೊಂದು ಮೆತುವೊಂದು ಜೋಡಿಯಾದಾಗ ಪೆಟ್ಟನ್ನು ಮೆತುವಾದದ್ದು ನುಂಗಿಕೊಂಡಿತು. 1990ರ ಡಿಸೆಂಬರಿನಲ್ಲಿ ಆ ಕವಾಟ ಮೊದಲ ಬಾರಿಗೆ ಮನುಷ್ಯನ ಎದೆ ಸೇರಿತು. ಟಿಟಿಕೆ ಸಂಸ್ಥೆ ತಯಾರಿಸುವ ಟಿಟಿಕೆ ಚಿತ್ರಾ ಕವಾಟ ಆಮದು ಕವಾಟಗಳಿಗಿಂತ ಬಹಳ ಕಡಿಮೆ ಬೆಲೆಗೆ ಸಿಕ್ಕು, ಇದುವರೆಗೆ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಒದಗಿದೆ. ವಲಿಯತ್ತಾನ್ ಆಮೇಲೆ ನಮ್ಮ ಮಣಿಪಾಲಕ್ಕೆ ಕುಲಪತಿಯಾಗಿ ಬಂದು, ಅಲ್ಲೇ ನೆಲೆಸಿ, ಚರಕ ಸುಶ್ರುತ ವಾಗ್ಭಟರ ಮೇಲೆ ಗ್ರಂಥಗಳನ್ನು ಬರೆದು, 2024ರಲ್ಲಿ ಅಲ್ಲೇ ತೀರಿಕೊಂಡರು. ನಾಲ್ಕು ಮಾದರಿಗಳಲ್ಲಿ ಓರೆ ಬಿಲ್ಲೆಯ ಉಪಾಯ ಒಂದೇ ಆಗಿತ್ತು. ಸೋತದ್ದೂ ಗೆದ್ದದ್ದೂ ದ್ರವ್ಯ.

ಎರಡನೆಯ ಆಕ್ಷೇಪ ನೀತಿಯದು. ಇನ್ನೊಬ್ಬರ ವಸ್ತುವನ್ನು ಬಿಚ್ಚಿ ನೋಡಿ ಕಲಿಯುವುದು ಕಳ್ಳತನವಲ್ಲವೇ? ಮೈಸೂರಿನವರು ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಶ್ರೀರಂಗಪಟ್ಟಣವನ್ನು ನೆನೆಯಬೇಕು. ಹೈದರ್ ಮತ್ತು ಟಿಪ್ಪುವಿನ ಕಾಲದ ರಾಕೆಟ್ಟುಗಳ ಗುಟ್ಟು ಕಬ್ಬಿಣದ ಕೊಳವೆ. ಯುರೋಪಿನವರ ಕಾಗದದ ಕೊಳವೆ ತಾಳಲಾರದ ಒತ್ತಡವನ್ನು ಅದು ತಾಳುತ್ತಿತ್ತು, ಆದ್ದರಿಂದ ರಾಕೆಟ್ಟು ದೂರ ಹೋಗುತ್ತಿತ್ತು. 1799ರಲ್ಲಿ ಕೋಟೆ ಬಿದ್ದ ಮೇಲೆ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ 1804ರ ಸುಮಾರಿಗೆ ಪ್ರಯೋಗಕ್ಕೆ ಇಳಿದ, 1806ರಲ್ಲಿ ಬೊಲೋನ್ ಬಂದರಿನ ಮೇಲೆ ಅವನ ರಾಕೆಟ್ಟುಗಳು ಹಾರಿದವು. ಇದನ್ನು ಬರೇ ಕಳವು ಎಂದು ಬೈದು ಸುಮ್ಮನಾಗುವವರ ಜೊತೆ ನನಗೆ ಒಪ್ಪಿಗೆಯಿಲ್ಲ. ಕಾಂಗ್ರೀವ್ ಮದ್ದಿನ ಪ್ರಮಾಣ, ಕೊಳವೆಯ ಗಾತ್ರ, ಕೋಲಿನ ತೂಕ ಒಂದೊಂದನ್ನೂ ಬದಲಿಸಿ ಹಾರಿಸಿ ನೋಡಿದ, ಕಂಡದ್ದನ್ನು ಅಚ್ಚು ಹಾಕಿಸಿದ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ನಿರ್ದೇಶಕರಾಗಿದ್ದ ರೊದ್ದಂ ನರಸಿಂಹ 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳ ಮೇಲೆ ಬರೆದ ಪ್ರಬಂಧವನ್ನು ಓದಿದರೆ ಮನಸ್ಸಿನಲ್ಲಿ ಉಳಿಯುವ ಕೊರಗು ಇದೇ: ಕುಲುಮೆಯಲ್ಲಿ ಕೈಗೆ ಗೊತ್ತಿದ್ದದ್ದು ಇಲ್ಲಿ ಕಾಗದಕ್ಕೆ ಇಳಿಯಲಿಲ್ಲ. ನಮ್ಮ ಕಮ್ಮಾರನಿಗೆ ಒತ್ತಡ ತಾಳುವ ಕೊಳವೆ ಮಾಡಲು ಬರುತ್ತಿತ್ತು. ಏಕೆ ತಾಳುತ್ತದೆ ಎಂಬುದನ್ನು ಬರೆದಿಟ್ಟವನು ಕಾಂಗ್ರೀವ್. ಪೇಟೆಂಟ್ ಇರುವಲ್ಲಿ ಅದನ್ನು ಮುರಿಯುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಚ್ಚಿ ನೋಡಿ, ಕಾರಣ ಹುಡುಕಿ, ತನ್ನ ದ್ರವ್ಯಕ್ಕೆ ತಕ್ಕಂತೆ ಮತ್ತೆ ಕಟ್ಟುವವನನ್ನು ಕಳ್ಳನೆಂದರೆ ಪೂಜಪ್ಪುರದ ಆ ಹತ್ತು ವರ್ಷಗಳಿಗೆ ಅರ್ಥವೇ ಇರುವುದಿಲ್ಲ.

ಮೂರನೆಯ ಆಕ್ಷೇಪ ಇಂದಿನದು. ಸ್ಕ್ಯಾನರು ಕೂದಲೆಳೆಯಷ್ಟು ನಿಖರವಾಗಿದೆ, ಕಂಪ್ಯೂಟರ್ ರಾತ್ರೋರಾತ್ರಿ ಲೆಕ್ಕ ಮಾಡುತ್ತದೆ, ತ್ರಿಡಿ ಮುದ್ರಕ ಬೆಳಗಾಗುವುದರೊಳಗೆ ಆಕಾರ ಕೈಗಿಡುತ್ತದೆ. ಇನ್ನು ಒಬ್ಬೊಬ್ಬ ರೋಗಿಗೂ ಅವರದೇ ಅಳತೆಯ ಕವಾಟ ಮಾಡಿದರೆ ಮುಗಿಯಿತಲ್ಲ? ಇದರಲ್ಲಿ ಹುರುಳಿದೆ. ಕೊಳವೆಯ ಮೂಲಕ ಕವಾಟ ಕೂರಿಸುವ ವಿಧಾನ 2002ರಲ್ಲಿ ಫ್ರಾನ್ಸಿನಲ್ಲಿ ಅಲೆನ್ ಕ್ರಿಬಿಯೆಯಿಂದ ಶುರುವಾದ ಮೇಲೆ ರೋಗಿಯ ಧಮನಿಯ ಬುಡವನ್ನು ಮೊದಲು ಸಿ.ಟಿ.ಯಲ್ಲಿ ಅಳೆಯುವುದು ಕ್ರಮೇಣ ವಾಡಿಕೆಯಾಗಿದೆ. ಜಪಾನಿನ ಒಝಾಕಿಯ ಶಸ್ತ್ರಕ್ರಿಯೆಯಲ್ಲಂತೂ ಸರ್ಜನ್ ರೋಗಿಯ ಹೃದಯದ ಹೊರಪೊರೆಯಿಂದಲೇ, ಅಳತೆಯ ಅಚ್ಚುಗಳನ್ನಿಟ್ಟು, ದರ್ಜಿಯಂತೆ ದಳಗಳನ್ನು ಕತ್ತರಿಸಿ ಹೊಲಿಯುತ್ತಾನೆ. ಆದರೆ ರುಮ್ಯಾಟಿಕ್ ರೋಗಿಯ ಮಿಟ್ರಲ್ ಕವಾಟವನ್ನು ಸ್ಕ್ಯಾನ್ ಮಾಡಿದರೆ ಪರದೆಯ ಮೇಲೆ ಬರುವುದು ರೋಗದ ಆಕಾರ, ಆ ಮೀನಿನ ಬಾಯಿ. ಅದನ್ನು ಎಷ್ಟು ನಿಖರವಾಗಿ ನಕಲು ಮಾಡಿದರೆ ಅಷ್ಟು ನಿಖರವಾಗಿ ರೋಗವನ್ನೇ ನಕಲು ಮಾಡಿದಂತೆ. ಆ ರೋಗಿಯ ಕವಾಟ ಜ್ವರ ಬರುವ ಮೊದಲು ಹೇಗಿತ್ತು ಎಂಬುದಕ್ಕೆ ಸ್ಕ್ಯಾನರಿನ ಬಳಿ ಉತ್ತರವಿಲ್ಲ. ಅಲ್ಲಿಗೆ ಆರೋಗ್ಯವಂತರ ಕವಾಟಗಳಿಂದ ಪಡೆದ ಪ್ರಮಾಣಗಳೇ ಬೇಕು, ಅಂದರೆ ತಾಳಮಾನವೇ ಬೇಕು. ಹರಿದು ಜೋತುಬಿದ್ದ ರವಿಕೆಯನ್ನು ಅಳತೆಗೆ ಕೊಟ್ಟರೆ ಜಾಣ ದರ್ಜಿ ಅದನ್ನು ಪಕ್ಕಕ್ಕಿಟ್ಟು ಟೇಪು ಕೈಗೆತ್ತಿಕೊಳ್ಳುತ್ತಾನೆ.

ಬೆಸೆದುಹೋದ ಕವಾಟವನ್ನು ಬದಲಿಸದೆಯೇ ಉಳಿಸಿಕೊಳ್ಳುವ ದಾರಿಯೂ ಒಂದಿದೆ. ಜಪಾನಿನ ಕಾಂಜಿ ಇನೋವೆ 1982ರಲ್ಲಿ ತೊಡೆಯ ರಕ್ತನಾಳದಿಂದ ಬಲೂನು ತೂರಿಸಿ, ಬೆಸೆದ ಅಂಚುಗಳ ನಡುವೆ ಅದನ್ನು ಉಬ್ಬಿಸಿ ಬಿಡಿಸುವ ವಿಧಾನ ತೋರಿಸಿದ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಈ ಬಲೂನು ಚಿಕಿತ್ಸೆಯನ್ನು ಬಡರೋಗಿಗಳಿಗೆ ದೊಡ್ಡ ಪ್ರಮಾಣದಲ್ಲಿ ಮಾಡಿ ಹೆಸರಾಯಿತು, ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿರುವ ಅದರ ಶಾಖೆ ಸಾಲಿಗ್ರಾಮದ ಕಡೆಯವರಿಗೆ ಹತ್ತಿರ. ಬಿಡಿಸಲಾರದಷ್ಟು ಕವಾಟ ಕೆಟ್ಟಿದ್ದರೆ ಮಾತ್ರ ಲೋಹದ್ದೋ ಹದ ಮಾಡಿದ್ದೋ ಎಂಬ ಆಯ್ಕೆ ಬರುತ್ತದೆ. ಅರವತ್ತು ವರ್ಷಗಳ ಈ ಅಳತೆ, ಅಚ್ಚು, ಲೆಕ್ಕಗಳ ನಂತರವೂ ಹುಟ್ಟಿನಿಂದ ಬಂದ ಕವಾಟಕ್ಕೆ ಎಲ್ಲ ರೀತಿಯಲ್ಲೂ ಸಮನಾದ ಒಂದು ಕವಾಟ ಲೋಕದಲ್ಲಿ ಎಲ್ಲೂ ತಯಾರಾಗಿಲ್ಲ. ಹಾಗಾಗಿ ಮಕ್ಕಳಿಗೆ ಗಂಟಲುನೋವಿನೊಂದಿಗೆ ಜ್ವರ ಬಂದರೆ ಕಷಾಯ ಕೊಟ್ಟು ಕಾಯಬೇಡಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತೋರಿಸಿ. ಒಮ್ಮೆ ರುಮ್ಯಾಟಿಕ್ ಜ್ವರ ಬಂದು ಹೋದ ಮಗುವಿಗೆ ಮೂರು ನಾಲ್ಕು ವಾರಕ್ಕೊಂದರಂತೆ, ವೈದ್ಯರು ಸಾಕೆನ್ನುವವರೆಗೆ, ವರ್ಷಗಟ್ಟಲೆ ತಪ್ಪದೆ ಹಾಕಿಸಬೇಕಾದದ್ದು ಪೆನಿಸಿಲಿನ್ ಇಂಜೆಕ್ಷನ್. ಅದರ ಬೆಲೆ ತೀರಾ ಕಡಿಮೆ.